ಸಮಾಜವಾದಿ ರಾಷ್ಟ್ರಗಳು ಕೊಟ್ಟದ್ದೆಷ್ಟು, ಕಿತ್ತುಕೊಂಡದ್ದೆಷ್ಟು? ಪರ ಮತ್ತು ವಿರೋಧ

ಸಮಾಜವಾದದ ಹೆಸರಿನಲ್ಲಿ ಆಳಿದ ರಾಷ್ಟ್ರಗಳು ತಮ್ಮ ಜನರಿಗೆ ಒಟ್ಟಾರೆ ಒಳಿತನ್ನೇ ಮಾಡಿದವೇ ಎಂಬುದು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬರೀ ಪುಸ್ತಕದ ಪ್ರಶ್ನೆಯಲ್ಲ. ಕೆಜಿಎಫ್‌ನ ಗಣಿ ಕಾರ್ಮಿಕರ ನಡುವೆ ಕೆಂಬಾವುಟ ಸ್ವಾತಂತ್ರ್ಯಕ್ಕೂ ಮೊದಲೇ ಹಾರಿತ್ತು. ಬಾಗೇಪಲ್ಲಿಯ ಮತದಾರರು ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ ಅವರನ್ನು 1994ರಲ್ಲಿ ಒಮ್ಮೆ, 2004ರಲ್ಲಿ ಮತ್ತೊಮ್ಮೆ ವಿಧಾನಸಭೆಗೆ ಕಳುಹಿಸಿದ್ದರು. ಹಾಗಾಗಿ ಇಲ್ಲಿನ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಾಗಲಿ, ಸಂಘಟನೆಗಳ ಅಧ್ಯಯನ ಶಿಬಿರಗಳಲ್ಲಾಗಲಿ ಈ ವಿಷಯ ಎತ್ತಿದ ಕೂಡಲೇ ದನಿ ಏರುತ್ತದೆ. ಒಬ್ಬರು ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಎಂದರೆ ಇನ್ನೊಬ್ಬರು ಸರ್ವಾಧಿಕಾರಿ ಸ್ಟಾಲಿನ್ ಎನ್ನುತ್ತಾರೆ, ವಾದ ಅಲ್ಲಿಗೇ ನಿಂತುಬಿಡುತ್ತದೆ. ಎರಡೂ ಕಡೆಯ ವಾದವನ್ನು ಅದರ ಗಟ್ಟಿ ರೂಪದಲ್ಲಿಯೇ ಮಂಡಿಸಲು ಇಲ್ಲಿ ಯತ್ನಿಸಿದ್ದೇನೆ. ಎರಡನ್ನೂ ಬರೆದಿರುವವನು ಒಬ್ಬನೇ ಆದ್ದರಿಂದ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮರೆಮಾಚಿಲ್ಲ.

ಪರ

ಯಾವ ವ್ಯವಸ್ಥೆಯನ್ನು ಅಳೆಯುವಾಗಲೂ ಅದು ಎಲ್ಲಿಂದ ಹೊರಟಿತು ಎಂದು ಮೊದಲು ಕೇಳಬೇಕು. 1970ರ ಮಾಸ್ಕೋವನ್ನು 1970ರ ನ್ಯೂಯಾರ್ಕಿನ ಪಕ್ಕದಲ್ಲಿಟ್ಟು, ಅಂಗಡಿಯ ಮುಂದಿನ ಸರತಿ ಸಾಲನ್ನು ತೋರಿಸಿ ತೀರ್ಪು ಕೊಡುವುದು ಸುಲಭ. ಆದರೆ ಅಮೆರಿಕ ಹೊರಟ ಜಾಗದಿಂದ ರಷ್ಯಾ ಹೊರಟಿರಲಿಲ್ಲ. 1897ರ ಜನಗಣತಿಯ ಪ್ರಕಾರ ಝಾರ್ ಸಾಮ್ರಾಜ್ಯದಲ್ಲಿ ಅಕ್ಷರ ಬಲ್ಲವರು ಮೂವರಲ್ಲಿ ಒಬ್ಬರೂ ಇರಲಿಲ್ಲ. 1939ರ ಗಣತಿಯ ಹೊತ್ತಿಗೆ ಐವರಲ್ಲಿ ನಾಲ್ವರು ಓದುಬರಹ ಕಲಿತಿದ್ದರು. ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾದದ್ದು 1928ರಲ್ಲಿ. 1941ರಲ್ಲಿ ಹಿಟ್ಲರನ ಸೈನ್ಯ ಗಡಿ ದಾಟಿದಾಗ ಆ ದೇಶ ತನ್ನ ಟ್ಯಾಂಕುಗಳನ್ನು ತಾನೇ ತಯಾರಿಸಿಕೊಳ್ಳುವ ಸ್ಥಿತಿಯಲ್ಲಿತ್ತು, ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡೂ ಯುದ್ಧ ಗೆದ್ದಿತು, ಯುದ್ಧ ಮುಗಿದ ಹನ್ನೆರಡೇ ವರ್ಷಕ್ಕೆ ಮೊದಲ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಇಷ್ಟು ಹಿಂದುಳಿದ ಕೃಷಿಪ್ರಧಾನ ದೇಶವೊಂದು ಇಷ್ಟು ಕಡಿಮೆ ಅವಧಿಯಲ್ಲಿ ಹೀಗೆ ಬದಲಾದ ಉದಾಹರಣೆಗಳು ಬೆರಳೆಣಿಕೆಯಷ್ಟು.

ನಮಗೆ ಹತ್ತಿರದ ಹೋಲಿಕೆ ಚೀನಾ. 1940ರ ದಶಕದ ಕೊನೆಗೆ ಭಾರತ, ಚೀನಾ ಎರಡೂ ಬಡತನದಲ್ಲಿ ಸರಿಸುಮಾರು ಒಂದೇ ಮಟ್ಟದಲ್ಲಿದ್ದವು. 1980ರ ಹೊತ್ತಿಗೆ ಚೀನೀಯರ ಸರಾಸರಿ ಆಯಸ್ಸು 65ರ ಆಸುಪಾಸಿಗೆ ಏರಿತ್ತು, ನಮ್ಮದು 55ರ ಒಳಗೇ ಇತ್ತು. ಇದು ಮಾರುಕಟ್ಟೆ ಸುಧಾರಣೆಯ ಫಲವಲ್ಲ. ಭೂಮಿ ಹಂಚಿಕೆ, ಹಳ್ಳಿ ಶಾಲೆ, ಕೆಲವೇ ತಿಂಗಳ ತರಬೇತಿ ಪಡೆದು ಊರೂರಿಗೆ ಹೋದ ‘ಬರಿಗಾಲ ವೈದ್ಯರು’ ಸೇರಿ ಸಾಧಿಸಿದ್ದು. ಭಾರತದ ಸಾವಿನ ಪ್ರಮಾಣ ಚೀನಾದಷ್ಟಕ್ಕೆ ಇಳಿದಿದ್ದರೆ ಉಳಿಯುತ್ತಿದ್ದ ಜೀವಗಳನ್ನು ಅಮರ್ತ್ಯ ಸೇನ್ ಮತ್ತು ಜಾನ್ ಡ್ರೇಜ್ 1989ರಲ್ಲಿ ಲೆಕ್ಕ ಹಾಕಿದರು: ಚೀನಾದ ಮಹಾಕ್ಷಾಮ ಬಲಿ ಪಡೆದಷ್ಟು ಜನರನ್ನು ನಮ್ಮ ಸದ್ದಿಲ್ಲದ ಹಸಿವು ಮತ್ತು ಕಾಯಿಲೆ ಎಂಟೆಂಟು ವರ್ಷಕ್ಕೊಮ್ಮೆ ಬಲಿ ಪಡೆಯುತ್ತಿತ್ತು. ಕ್ಯೂಬಾ 1961ರ ಒಂದೇ ವರ್ಷದಲ್ಲಿ ಲಕ್ಷಕ್ಕೂ ಹೆಚ್ಚು ಯುವಕ ಯುವತಿಯರನ್ನು ಹಳ್ಳಿಗಳಿಗೆ ಕಳುಹಿಸಿ ಸುಮಾರು ಏಳು ಲಕ್ಷ ಮಂದಿಗೆ ಅಕ್ಷರ ಕಲಿಸಿತು.

ಇನ್ನು ಈ ರಾಷ್ಟ್ರಗಳಲ್ಲಿ ಪ್ರಜಾಪ್ರಭುತ್ವವಿರಲಿಲ್ಲ ಎಂಬ ಮಾತು. ಕೋಲಾರದ ಚಿನ್ನವನ್ನು 1880ರಿಂದ ತೆಗೆದದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಬಂಡೆ ತಾನಾಗಿ ಸಿಡಿದು ಕೆಳಗಿದ್ದವರನ್ನು ಹೂತುಹಾಕುವುದು ಅಲ್ಲಿ ಅಪರೂಪವೇನಾಗಿರಲಿಲ್ಲ. ಇಳಿದವರಲ್ಲಿ ಹೆಚ್ಚಿನವರು ತಮಿಳು ನಾಡಿನಿಂದ, ಚಿತ್ತೂರಿನ ಕಡೆಯಿಂದ ಬಂದ ದಲಿತರು. ಕಾರ್ಮಿಕರು ತಟ್ಟಿಯ ಗುಡಿಸಲುಗಳಲ್ಲಿ ಒತ್ತೊತ್ತಾಗಿ ಬದುಕಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು ಗಣಿಯ ಯಂತ್ರಗಳಿಗಾಗಿ. ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಚುನಾಯಿತ ಸಂಸತ್ತು ಇತ್ತು, ಪತ್ರಿಕಾ ಸ್ವಾತಂತ್ರ್ಯವೂ ಇತ್ತು. ಆದರೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಕಾರ್ಮಿಕನಿಗೆ ಅಲ್ಲೂ ಮತವಿರಲಿಲ್ಲ, ಇಲ್ಲೂ ಇರಲಿಲ್ಲ. 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಹಸಿವಿನಿಂದ ಸತ್ತಾಗಲೂ ಲಂಡನ್ನಿನ ಸಂಸತ್ತು ಕಲಾಪ ನಡೆಸುತ್ತಲೇ ಇತ್ತು. ಸಮಾಜವಾದಿ ರಾಷ್ಟ್ರಗಳ ಹೆಣಗಳನ್ನು ಎಣಿಸುವವರು ವಸಾಹತುಗಳ ಹೆಣಗಳನ್ನು ಬೇರೆ ಖಾತೆಗೆ ಬರೆಯುತ್ತಾರೆ.

ಮತಪೆಟ್ಟಿಗೆಯ ದಾರಿ ಹಿಡಿದವರಿಗೆ ಸಿಕ್ಕಿದ್ದೇನು ಎಂಬುದನ್ನೂ ನೋಡಬೇಕು. ಕೇರಳದಲ್ಲಿ 1957ರಲ್ಲಿ ಗೆದ್ದ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರವನ್ನು ಕೇಂದ್ರ 1959ರಲ್ಲಿ ವಜಾ ಮಾಡಿತು. ಚಿಲಿಯಲ್ಲಿ 1970ರಲ್ಲಿ ಚುನಾಯಿತರಾದ ಸಮಾಜವಾದಿ ಅಧ್ಯಕ್ಷ ಅಯೆಂದೆ ಅವರನ್ನು 1973ರ ಸೆಪ್ಟೆಂಬರ್ 11ರಂದು ಸೇನೆ ಉರುಳಿಸಿತು, ಅವರನ್ನು ದುರ್ಬಲಗೊಳಿಸಲು ಅಮೆರಿಕ ಮೊದಲಿನಿಂದಲೂ ದುಡಿದಿತ್ತು. ನಿಕಾರಾಗುವದ ಎಡಪಂಥೀಯ ಆಳುವ ಪಕ್ಷದವರಾದ ಸ್ಯಾಂಡಿನಿಸ್ಟರು ಅಮೆರಿಕ ಸಾಕಿದ ಬಂಡುಕೋರರ ಜೊತೆ ವರ್ಷಗಟ್ಟಲೆ ಕಾದಾಡುತ್ತಲೇ 1990ರಲ್ಲಿ ಚುನಾವಣೆ ನಡೆಸಿ, ಸೋತು, ಅಧಿಕಾರ ಬಿಟ್ಟುಕೊಟ್ಟರು. ಬಾಗಿಲಲ್ಲಿ ಶತ್ರು ನಿಂತಿರುವಾಗ ಮನೆಯೊಳಗೆ ಎಲ್ಲರಿಗೂ ಎಲ್ಲ ಸ್ವಾತಂತ್ರ್ಯ ಕೊಡಲಿಲ್ಲವೇಕೆ ಎಂದು ಕೇಳುವುದು ನೆಮ್ಮದಿಯಾಗಿರುವವರಿಗೆ ಮಾತ್ರ ಸಾಧ್ಯ.

ಕೊನೆಯದಾಗಿ, ಆ ವ್ಯವಸ್ಥೆಯನ್ನು ಕಿತ್ತು ಹಾಕಿದಾಗ ಏನಾಯಿತು? ರಷ್ಯಾದ ಗಂಡಸರ ಸರಾಸರಿ ಆಯಸ್ಸು 1990ರಲ್ಲಿ ಸುಮಾರು 64 ಇದ್ದದ್ದು 1994ಕ್ಕೆ 58ರ ಕೆಳಗಿಳಿಯಿತು. ಶಾಂತಿಕಾಲದಲ್ಲಿ, ಕೈಗಾರಿಕೀಕರಣಗೊಂಡ ದೇಶವೊಂದರಲ್ಲಿ ಇಂಥ ಕುಸಿತವನ್ನು ಜಗತ್ತು ಕಂಡದ್ದು ಕಡಿಮೆ.

ವಿರೋಧ

ಅಕ್ಷರ ಮತ್ತು ಆರೋಗ್ಯದ ಸಾಧನೆಯನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಅದನ್ನು ಒಪ್ಪಿಯೇ ಮುಂದೆ ಹೋಗೋಣ. ಆದರೆ ಮೇಲೆ ಉಲ್ಲೇಖಿಸಿದ 1939ರ ಗಣತಿಗೆ ಒಂದು ಪೂರ್ವಕಥೆಯಿದೆ. ಸೋವಿಯತ್ ಸರ್ಕಾರ 1937ರಲ್ಲಿಯೇ ಒಂದು ಜನಗಣತಿ ಮಾಡಿಸಿತ್ತು. ಜನಸಂಖ್ಯೆ ಸ್ಟಾಲಿನ್ ಹೇಳಿಕೊಂಡು ಬಂದದ್ದಕ್ಕಿಂತ ಬಹಳ ಕಡಿಮೆ ಬಂತು, ಏಕೆಂದರೆ 1932–33ರ ಕ್ಷಾಮ ಉಕ್ರೇನ್, ಕಝಾಕಸ್ತಾನಗಳಲ್ಲಿ ಲಕ್ಷಾಂತರ ಜನರನ್ನು ನುಂಗಿತ್ತು. ಗಣತಿಯನ್ನು ರದ್ದುಪಡಿಸಲಾಯಿತು, ಅದರ ಹೊಣೆ ಹೊತ್ತ ಸಂಖ್ಯಾಶಾಸ್ತ್ರಜ್ಞರನ್ನು ಬಂಧಿಸಲಾಯಿತು, ಕೆಲವರನ್ನು ಗುಂಡಿಕ್ಕಿ ಕೊಲ್ಲಲಾಯಿತು. 1939ರ ಗಣತಿ ಮಾಡಿದವರು ಇದನ್ನೆಲ್ಲ ಕಂಡವರು. ಆರ್ಥಿಕ ದಾಖಲೆ ಒಂದು, ಪ್ರಜಾಪ್ರಭುತ್ವದ ದಾಖಲೆ ಇನ್ನೊಂದು ಎಂದು ವಿಂಗಡಿಸಿ ಅಂಕ ಕೊಡುವ ಕ್ರಮ ಇಲ್ಲಿಯೇ ಮುಗ್ಗರಿಸುತ್ತದೆ. ನಿಜವಾದ ಅಂಕಿ ಹೇಳಿದವನ ತಲೆ ಹೋಗುವ ದೇಶದಲ್ಲಿ ಯೋಜನಾ ಆಯೋಗಕ್ಕೇ ಸತ್ಯ ತಿಳಿಯುವುದಿಲ್ಲ.

ಚೀನಾದಲ್ಲಿ ನಡೆದದ್ದೂ ಇದೇ. ಉತ್ಪಾದನೆಯನ್ನು ಒಮ್ಮೆಲೇ ಏರಿಸಲು ಹೊರಟ 1958ರ ‘ಮಹಾ ಜಿಗಿತ’ದಲ್ಲಿ ಕಮ್ಯೂನುಗಳ, ಅಂದರೆ ಸಾಮೂಹಿಕ ಕೃಷಿ ಘಟಕಗಳ, ಅಧಿಕಾರಿಗಳು ಪೈಪೋಟಿಯ ಮೇಲೆ ಇಳುವರಿಯನ್ನು ಹಿಗ್ಗಿಸಿ ವರದಿ ಮಾಡಿದರು, ಆ ಸುಳ್ಳು ಇಳುವರಿಯ ಮೇಲೆ ಸರ್ಕಾರ ಧಾನ್ಯ ಸಂಗ್ರಹಿಸಿತು, ರೈತರ ಕಣಜದಲ್ಲಿ ಏನೂ ಉಳಿಯಲಿಲ್ಲ. 1959ರಲ್ಲಿ ಲುಶಾನ್ ಸಭೆಯಲ್ಲಿ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಈ ಕುರಿತು ಮಾವೋಗೆ ಪತ್ರ ಬರೆದರು. ಅವರನ್ನು ಕಿತ್ತುಹಾಕಿ, ಜಿಗಿತವನ್ನು ಮುಂದುವರಿಸಲಾಯಿತು. ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಹರಡಿಕೊಂಡಿದೆ. ಪರ ವಾದದವರು ಅಮರ್ತ್ಯ ಸೇನ್ ಅವರ ಅರ್ಧ ಮಾತನ್ನು ಮಾತ್ರ ಹೇಳಿದ್ದಾರೆ. ಉಳಿದರ್ಧ ಇದು: ಪತ್ರಿಕೆಗಳೂ ವಿರೋಧ ಪಕ್ಷವೂ ಇರುವ ಸ್ವತಂತ್ರ ಭಾರತದಲ್ಲಿ ಅಂಥ ಕ್ಷಾಮ ಸಂಭವಿಸಲಿಲ್ಲ, ಸಂಭವಿಸಲು ಯಾವ ಸರ್ಕಾರಕ್ಕೂ ಬಿಡಲಾಗುತ್ತಿರಲಿಲ್ಲ. 1943ರ ಬಂಗಾಳವನ್ನು ಆಳಿದ್ದು ಅಲ್ಲಿನ ಜನರ ಮತಕ್ಕೆ ಉತ್ತರಿಸಬೇಕಾದ ಸಂಸತ್ತಲ್ಲ. ಆ ಉದಾಹರಣೆ ಸೇನ್ ಅವರ ವಾದವನ್ನೇ ಬಲಪಡಿಸುತ್ತದೆ.

ಬೆಲೆಯ ಪ್ರಶ್ನೆಗೆ ಬರೋಣ. ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಟೊಮೆಟೊ ಹರಾಜನ್ನು ನಿಂತು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 15 ಕಿಲೋ ಹಿಡಿಯುವ ಕ್ರೇಟುಗಳು ಸಾಲಾಗಿ ನಿಂತಿರುತ್ತವೆ. ಮಂಡಿಯವನು ಮೇಲಿನ ಹಣ್ಣನ್ನು ಸರಿಸಿ ಅಡಿಯದನ್ನು ತೋರಿಸುತ್ತಾನೆ, ವ್ಯಾಪಾರಿ ಒಂದನ್ನು ಹಿಸುಕಿ ನೋಡುತ್ತಾನೆ, ಕೂಗು ಏರಿ ನಿಲ್ಲುತ್ತದೆ, ರಾಶಿ ಕೈ ಬದಲಾಯಿಸುತ್ತದೆ. ಆ ಕೂಗಿದ ಒಂದು ಸಂಖ್ಯೆಯಲ್ಲಿ ದೆಹಲಿಯ ಬೇಡಿಕೆ, ನಾಸಿಕ್‌ನ ಮಳೆ, ಲಾರಿ ಬಾಡಿಗೆ, ಎಲೆ ಮುಟುರು ರೋಗ ಎಲ್ಲವೂ ಸೇರಿರುತ್ತವೆ. 2023ರ ಜುಲೈನಲ್ಲಿ ಕ್ರೇಟಿಗೆ 2,000 ರೂಪಾಯಿ ದಾಟಿದ್ದೂ ಹೀಗೆಯೇ, ಬೇರೆ ಹಂಗಾಮುಗಳಲ್ಲಿ ಕೊಯ್ದ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿಯಬೇಕಾದದ್ದೂ ಹೀಗೆಯೇ. ಈ ಬೆಲೆ ಕರುಣೆಯಿಲ್ಲದ್ದು, ನಿಜ. ಅದಕ್ಕೆ ಬೆಂಬಲ ಬೆಲೆ ಬೇಕು, ಶೀತಲಗೃಹ ಬೇಕು. ಆದರೆ ಸಾವಿರಾರು ವಸ್ತುಗಳಿಗೆ ಕಚೇರಿಯಲ್ಲಿ ಕುಳಿತು ಬೆಲೆ ನಿಗದಿ ಮಾಡುವ ವ್ಯವಸ್ಥೆಗೆ ಈ ಸುದ್ದಿಯೇ ತಲುಪುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಮೀಸಸ್ 1920ರಲ್ಲಿಯೇ ಹೇಳಿದ್ದರು, ಮುಂದಿನ ಎಪ್ಪತ್ತು ವರ್ಷ ಅವರ ಮಾತನ್ನು ಸುಳ್ಳು ಮಾಡಲಿಲ್ಲ.

ನಮ್ಮದು ಹಾಲಿನ ಸೀಮೆ. ಇಲ್ಲಿ ಹಸು ಮನೆಯದು, ಡೇರಿ ಎಲ್ಲರದು. ಸಂಜೆ ಕ್ಯಾನು ಹಿಡಿದು ಬಂದವರಿಗೆ ಹಾಲಿನ ಅಳತೆ, ಕೊಬ್ಬಿನಂಶ ನೋಡಿ ಲೆಕ್ಕ ಬರೆಯುತ್ತಾರೆ. ಸ್ಟಾಲಿನ್ 1929ರಿಂದ ಹಸುವನ್ನೇ ಸಾಮೂಹಿಕ ಕೊಟ್ಟಿಗೆಗೆ ಕಟ್ಟಿಸಲು ಹೊರಟಾಗ ರೈತರು ಕೊಡುವುದಕ್ಕಿಂತ ಕಡಿಯುವುದೇ ಮೇಲೆಂದು ಕಡಿದರು, ನಾಲ್ಕೈದು ವರ್ಷಗಳಲ್ಲಿ ದೇಶದ ದನಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಕೊನೆಗೆ ಮನೆಯ ಹಿತ್ತಲಲ್ಲಿ ತುಂಡು ನೆಲ ಇಟ್ಟುಕೊಳ್ಳಲು ಬಿಡಬೇಕಾಯಿತು. ಬಿತ್ತನೆ ಭೂಮಿಯ ಶೇ 3–4ರಷ್ಟಿದ್ದ ಆ ತುಂಡುಗಳಿಂದಲೇ ದಶಕಗಳ ಕಾಲ ಕೃಷಿ ಉತ್ಪನ್ನದ ಸುಮಾರು ಕಾಲು ಭಾಗ ಬಂತು. ಚೀನಾದ ಶಿಯಾವೊಗಾಂಗ್ ಹಳ್ಳಿಯ 18 ರೈತರು 1978ರಲ್ಲಿ ಗುಟ್ಟಾಗಿ ಒಪ್ಪಂದ ಬರೆದುಕೊಂಡು ಭೂಮಿಯನ್ನು ಕುಟುಂಬಗಳಿಗೆ ಹಂಚಿಕೊಂಡರು. ವಿಯೆಟ್ನಾಂ 1986ರಲ್ಲಿ ಮಾರುಕಟ್ಟೆಯ ಕಡೆಗೆ ದಾರಿ ಬದಲಿಸಿತು. ಅಕ್ಕಿ ತರಿಸಿಕೊಳ್ಳುತ್ತಿದ್ದ ದೇಶ 1989ರಲ್ಲಿ ಅಕ್ಕಿ ರಫ್ತು ಮಾಡಿತು. ಇವನ್ನು ಸಮಾಜವಾದದ ಸಾಧನೆಯ ಪಟ್ಟಿಗೆ ಸೇರಿಸುವವರ ಧೈರ್ಯವನ್ನು ಮೆಚ್ಚಬೇಕು.

ಕೆಜಿಎಫ್ ಬಗ್ಗೆ ಒಂದೆರಡೇ ಮಾತು. ಟೇಲರ್ ಕಂಪನಿಯ ಕ್ರೌರ್ಯಕ್ಕೆ ಸಮರ್ಥನೆಯಿಲ್ಲ. ಆದರೆ 1956ರ ರಾಷ್ಟ್ರೀಕರಣದ ನಂತರವೂ ಅದಿರು ತೆಳುವಾಗುತ್ತಾ, ನಷ್ಟ ಬೆಳೆಯುತ್ತಾ ಹೋಗಿ, ಬದಲಿ ಉದ್ಯೋಗದ ಸಿದ್ಧತೆಯನ್ನು ಸರಿಯಾಗಿ ಮಾಡದೆಯೇ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಯಾರ ಒಡೆತನವೂ ಇಲ್ಲದ ಚಿನ್ನವನ್ನು ಹುಟ್ಟಿಸಲಾರದು. ಎಚ್ಚರಿಕೆ ಕೊಡುವ ಕೆಲಸವನ್ನಾದರೂ ಸರ್ಕಾರಿ ಒಡೆತನ ಮಾಡಬಹುದಿತ್ತು. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಕತೆಯೂ ಬೇರೆಯಲ್ಲ.

ಈಗ ಕಾರ್ಮಿಕರ ವಿಷಯ, ಇದೇ ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವುದು. 1962ರಲ್ಲಿ ಸೋವಿಯತ್ ಒಕ್ಕೂಟದ ನೊವೊಚೆರ್ಕಾಸ್ಕ್ ಎಂಬ ಊರಿನ ಕಾರ್ಖಾನೆಯವರು ಮಾಂಸ, ಬೆಣ್ಣೆಯ ಬೆಲೆಯೇರಿಕೆ ಮತ್ತು ಕೂಲಿ ಕಡಿತದ ವಿರುದ್ಧ ಬೀದಿಗಿಳಿದಾಗ ಸೈನ್ಯ ಗುಂಡು ಹಾರಿಸಿತು, 20ಕ್ಕೂ ಹೆಚ್ಚು ಜನ ಸತ್ತರು, ಸುದ್ದಿಯನ್ನು ದಶಕಗಳ ಕಾಲ ಮುಚ್ಚಿಡಲಾಯಿತು. ಪೋಲೆಂಡಿನಲ್ಲಿ 1980ರಲ್ಲಿ ಹುಟ್ಟಿದ ಸ್ವತಂತ್ರ ಕಾರ್ಮಿಕ ಸಂಘ ‘ಸಾಲಿಡಾರಿಟಿ’ಗೆ ಒಂದು ಕೋಟಿಯಷ್ಟು ಸದಸ್ಯರು ಸೇರಿದರು, ಮರುವರ್ಷ ಡಿಸೆಂಬರ್ 13ರಂದು ಸೇನಾಡಳಿತ ಹೇರಿ ಅದರ ನಾಯಕರನ್ನು ಜೈಲಿಗೆ ಹಾಕಲಾಯಿತು. ಕೆಜಿಎಫ್‌ನಲ್ಲಿ ಹಲವು ಬಣ್ಣದ ಯೂನಿಯನ್ನುಗಳು ಬಡಿದಾಡಿಕೊಂಡೇ ಒಟ್ಟಿಗೆ ಉಳಿದವು. ಕಾರ್ಮಿಕರ ರಾಜ್ಯವೆಂದು ಕರೆದುಕೊಂಡ ದೇಶಗಳಲ್ಲಿ ಕಾರ್ಮಿಕನಿಗೆ ಇಷ್ಟು ಅವಕಾಶವೂ ಇರಲಿಲ್ಲ.

ಶತ್ರು ಬಾಗಿಲಲ್ಲಿದ್ದ ಎಂಬ ವಾದ ಎಷ್ಟು ದೂರ ನಡೆಯುತ್ತದೆ? ರಷ್ಯಾದಲ್ಲಿ 1917ರ ನವೆಂಬರಿನಲ್ಲಿ ನಡೆದ ಸಂವಿಧಾನ ಸಭೆಯ ಚುನಾವಣೆಯಲ್ಲಿ ಲೆನಿನ್ ಅವರ ಬೊಲ್ಷೆವಿಕರಿಗೆ ಸಿಕ್ಕಿದ್ದು ಸುಮಾರು ಕಾಲುಭಾಗ ಮತ. ಸಭೆ 1918ರ ಜನವರಿಯಲ್ಲಿ ಸೇರಿದ ಮರುದಿನವೇ ಅದನ್ನು ವಿಸರ್ಜಿಸಿದರು. ವಿದೇಶಿ ಸೈನ್ಯಗಳು ಬಂದಿಳಿದದ್ದು ಆಮೇಲೆ. 1961ರ ಬರ್ಲಿನ್ ಗೋಡೆ ತಡೆದದ್ದು ಸಮಾಜವಾದಿ ಪೂರ್ವ ಜರ್ಮನಿಯ ಒಳಗಿನಿಂದ ಹೊರಹೋಗುವವರನ್ನು. ಕೇರಳದಲ್ಲಿ 1959ರ ವಜಾ ಅನ್ಯಾಯವೇ, ಆದರೆ ಅದೇ ಇ.ಎಂ.ಎಸ್. 1967ರಲ್ಲಿ ಮತ ಪಡೆದು ಮರಳಿ ಮುಖ್ಯಮಂತ್ರಿಯಾದರು. ಪಶ್ಚಿಮ ಬಂಗಾಳದಲ್ಲಿ 34 ವರ್ಷ ಆಳಿದ ಎಡರಂಗ 2011ರಲ್ಲಿ ಸೋತು ಮನೆಗೆ ಹೋಯಿತು. ನಿಕಾರಾಗುವದ 1990ರ ಚುನಾವಣೆಯನ್ನು ಪರ ವಾದದವರು ನೆನಪಿಸಿದ್ದು ನ್ಯಾಯವೇ, ಆ ಸೋಲನ್ನು ಒಪ್ಪಿಕೊಂಡದ್ದು ಗೌರವದ ನಡೆ. ಆದರೆ ಅಂದು ಸೋತು ಇಳಿದ ದಾನಿಯೆಲ್ ಒರ್ಟೆಗಾ 2007ರಲ್ಲಿ ಮತ್ತೆ ಅಧ್ಯಕ್ಷರಾದರು, 2021ರ ಚುನಾವಣೆಗೆ ಮುನ್ನ ತಮ್ಮೆದುರು ನಿಲ್ಲಬಹುದಾಗಿದ್ದ ಪ್ರಮುಖರನ್ನು ಒಬ್ಬೊಬ್ಬರನ್ನಾಗಿ ಬಂಧಿಸಿದರು. ಹಾಗೆ ಬಂಧಿತರಾದವರಲ್ಲಿ ಒಂದು ಕಾಲದಲ್ಲಿ ಅವರ ಜೊತೆಗೇ ಹೋರಾಡಿದ ಸ್ಯಾಂಡಿನಿಸ್ಟರೂ ಇದ್ದರು.