ಡ್ರಗ್ಸ್ ಕೇಸಲ್ಲಿ ಕೂದಲು ಸಾಕ್ಷಿ ಹೇಳ್ಬೋದಾ?

ಪರ

ಕೋರಮಂಗಲದ ಯಾವ್ದೋ ಪಾರ್ಟಿಲಿ ಒಬ್ಳು ಹುಡುಗಿ ಜ್ಯೂಸಿಗೆ ಯಾರೋ ನಿದ್ದೆ ಮಾತ್ರೆ ಬೆರೆಸಿದ್ರು ಅಂತ ಇಟ್ಕೊಳ್ಳಿ, ಬೆಳಿಗ್ಗೆ ಎದ್ರೆ ಏನೂ ನೆನಪಿಲ್ಲ, ಮನೇಲಿ ಹೇಳೋಕೆ ಭಯ, ಸ್ಟೇಷನ್ ಮೆಟ್ಟಿಲು ಹತ್ತೋಷ್ಟರಲ್ಲಿ ಒಂದು ವಾರ ಆಗೋಗಿರತ್ತೆ. ಅಷ್ಟೊತ್ತಿಗೆ ರಕ್ತದಲ್ಲೂ ಇರಲ್ಲ, ಯೂರಿನ್ನಲ್ಲೂ ಎಷ್ಟೋ ಮಾತ್ರೆಗಳು ಎರಡ್ಮೂರು ದಿನದ ಮೇಲೆ ಸಿಗಲ್ಲ. ಅವಳ ಮಾತು ನಂಬೋಕೆ ಏನಿದೆ ಅಂತ ಕೇಳ್ತಾರಲ್ಲ, ಕೂದಲಿದೆ! ರಕ್ತದಲ್ಲಿರೋದು ಕೂದಲ ಬುಡಕ್ಕೆ ಸೇರಿ ಕೂದಲ ಜೊತೆನೇ ಮೇಲೆ ಬರತ್ತೆ, ತಿಂಗಳಿಗೆ ಹತ್ರತ್ರ 1 ಸೆಂಟಿಮೀಟರ್. ಒಂದು ತಿಂಗಳು ಕಾದು, ತಲೆ ಹಿಂಭಾಗದಿಂದ ಪೆನ್ಸಿಲ್ ದಪ್ಪದಷ್ಟು ಕೂದಲನ್ನ ಚರ್ಮಕ್ಕೆ ತಾಗಿಸಿ ಕತ್ತರಿಸಿ, ಬುಡ ಯಾವ ಕಡೆ ಅಂತ ಗುರುತು ಹಾಕಿ ಕಳಿಸಿದ್ರೆ, ಲ್ಯಾಬಲ್ಲಿ ತುಂಡು ತುಂಡಾಗಿ ನೋಡಿ ಆ ತಿಂಗಳ ತುಂಡಲ್ಲಿ ಮಾತ್ರ ಇದೆಯಾ ಅಂತ ಹೇಳೋ ಸಾಧ್ಯತೆ ಇದೆ. ದಿನಾ ಮಾತ್ರೆ ನುಂಗೋರಾದ್ರೆ ಎಲ್ಲಾ ತುಂಡಲ್ಲೂ ಸಿಗತ್ತೆ. ಇಂಥ ಹೆಣ್ಮಕ್ಕಳಿಗೆ ಉಳಿದಿರೋ ಸಾಕ್ಷಿ ಇದೊಂದೇ, ಇದನ್ನೂ ಬೇಡ ಅಂದ್ರೆ ಅವರು ಎಲ್ಲಿಗೆ ಹೋಗ್ಬೇಕು?

ವಿರೋಧ

ನೊಂದೋರ ವಿಷ್ಯದಲ್ಲಿ ನಂದೇನೂ ತಕರಾರಿಲ್ಲ. ಆದ್ರೆ ಅದೇ ಟೆಸ್ಟನ್ನ ಆರೋಪಿ ಮೇಲೆ ತಿರುಗಿಸಿದಾಗ ನಂಗೆ ಭಯ ಆಗತ್ತೆ. 2020ರ ಸ್ಯಾಂಡಲ್‌ವುಡ್ ಡ್ರಗ್ಸ್ ಕೇಸಲ್ಲಿ ಸಿಸಿಬಿ ಪೊಲೀಸ್ರು ಆರೋಪಿಗಳ ಕೂದಲು ತೆಗೆದು ಹೈದರಾಬಾದ್ ಲ್ಯಾಬಿಗೆ ಕಳಿಸಿದ್ರಲ್ಲ, ಮುಂದಿನ ವರ್ಷ ರಿಪೋರ್ಟ್ ಬಂದ ದಿನ ಟಿವಿಲಿ ತೀರ್ಪೇ ಬಂದಂಗೆ ಕೂಗಾಡಿದ್ರು. ಯಾವತ್ತು, ಎಲ್ಲಿ, ಯಾರ ಜೊತೆ ಅಂತ ಕೂದಲು ಹೇಳಲ್ಲ ರೀ.

ಮಡಿವಾಳದ ಪಿಜಿಲಿ ಒಂದೇ ರೂಮಲ್ಲಿ ಮೂರು ಜನ, ಒಬ್ಬ ಗಾಂಜಾ ಸೇದ್ತಾನೆ, ಹೊಗೆ ಮಿಕ್ಕಿಬ್ರ ತಲೆಗೂ ಅಂಟತ್ತೆ. ಲ್ಯಾಬಲ್ಲಿ ತೊಳೀತಾರೆ ನಿಜ, ಆದ್ರೆ ತೊಳೆದ್ರೂ ಪೂರ್ತಿ ಹೋಗತ್ತೆ ಅಂತ ಗ್ಯಾರಂಟಿ ಇಲ್ಲ, ಅದಕ್ಕೇ ದೇಹದೊಳಗೆ ಡ್ರಗ್ಸ್ ಕರಗಿದಾಗ ಆಗೋ ಪದಾರ್ಥನೂ ಹುಡುಕ್ಬೇಕು. ಕೊಕೇನ್ ಥರದ್ದು ಕಪ್ಪು ಕೂದಲಿಗೆ ಜಾಸ್ತಿ ಅಂಟ್ಕೊಳತ್ತೆ, ನಮ್ಮೋರ ಕೂದಲೇ ಕಪ್ಪು, ಬ್ಲೀಚ್ ಮಾಡ್ಸಿದ್ರೆ ಕಮ್ಮಿ ತೋರ್ಸತ್ತೆ. ತಿಮ್ಮಪ್ಪಂಗೆ ಮುಡಿ ಕೊಟ್ಟು ಬಂದೋನ ಹತ್ರ ತಲೆಕೂದಲೇ ಇಲ್ಲ, ಕೈಕಾಲಿನ ಕೂದಲು ತೆಗೆದ್ರೆ ಅದು ಬೆಳೆಯೋ ಲೆಕ್ಕನೇ ಬೇರೆ, ತಿಂಗಳು ಎಣಿಸೋಕಾಗಲ್ಲ, ಮೇಲಾಗಿ ಸಾಕ್ಷಿ ನಾಶ ಮಾಡೋಕೇ ಬೋಳಿಸ್ಕೊಂಡ ಅಂತಾರೆ.

ಕೆನಡಾದ ಟೊರೊಂಟೊದಲ್ಲಿ ಮಕ್ಕಳಾಸ್ಪತ್ರೆಯ ಮದರಿಸ್ಕ್ ಲ್ಯಾಬಿನ ಕೂದಲ ರಿಪೋರ್ಟ್ ನಂಬಿ ಎಷ್ಟೋ ತಾಯಂದಿರಿಂದ ಮಕ್ಕಳನ್ನ ದೂರ ಮಾಡಿದ್ರು, ಆ ಟೆಸ್ಟುಗಳು ಭರವಸೆಗೆ ಯೋಗ್ಯ ಅಲ್ಲ ಅಂತ 2015ರಲ್ಲಿ ಅದನ್ನ ಪರಿಶೀಲಿಸಿದ ನಿವೃತ್ತ ಜಡ್ಜ್ ಹೇಳಿದ್ರು. ಹೋದ ವರ್ಷಗಳನ್ನ ಯಾರು ತಂದ್ಕೊಡ್ತಾರೆ?

ಅದೇ ಕೂದಲಲ್ಲಿ ಅರ್ಧ ಸೀಲ್ ಮಾಡಿ ಎತ್ತಿಟ್ಟು, ಆರೋಪಿ ಬೇರೆ ಲ್ಯಾಬಲ್ಲಿ ನೋಡಿಸೋಕೆ ಬಿಡೋವರೆಗೂ ನಾನಂತೂ ಇದಕ್ಕೆ ಒಪ್ಪಲ್ಲ.