ಮೈಲುತುತ್ತದ ಲೆಕ್ಕ ಯಾರ ಪುಸ್ತಕದಲ್ಲಿದೆ?

ತೀರ್ಥಹಳ್ಳಿ ಕಡೆ ಅಡಿಕೆಗೆ ಹೊಡೆಯುವುದನ್ನು ಯಾರೂ ವಿಷ ಎನ್ನುವುದಿಲ್ಲ, ಔಷಧಿ ಎನ್ನುತ್ತಾರೆ. ಮಳೆಗಾಲದ ಆರಂಭದಲ್ಲಿ ಮೈಲುತುತ್ತ ಎಂಬ ತಾಮ್ರದ ಲವಣಕ್ಕೆ ಸುಣ್ಣ ಬೆರೆಸಿ ಕೊಳೆರೋಗಕ್ಕೆಂದು ಮಾಡುವ ಬೋರ್ಡೋ ದ್ರಾವಣ ಸಿದ್ಧವಾದ ಮೇಲೆ ಅಪ್ಪಯ್ಯ ಕತ್ತಿಯನ್ನು ಚೆನ್ನಾಗಿ ಉಜ್ಜಿ ಡ್ರಮ್ಮಿನಲ್ಲಿ ಅದ್ದುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಸುಣ್ಣದ ನೀರು ಬೀಳುತ್ತಿತ್ತು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ರಾಸಾಯನಿಕವನ್ನು ಅಳೆದು ಬಳಸುವುದನ್ನು ನಾನು ಮೊದಲು ಕಂಡದ್ದು ಅಲ್ಲಿ.

ಈಗ ಫ್ರಾಂಕ್‌ಫರ್ಟ್‌ನಲ್ಲಿ ಅದೇ ನನ್ನ ಹೊಟ್ಟೆಪಾಡು. ಯಾವ ಕಂಪನಿ ಎಂಥ ರಾಸಾಯನಿಕವನ್ನು ನೆಚ್ಚಿಕೊಂಡಿದೆ, ಅದು ಮುಂದೆ ಹೂಡಿಕೆದಾರರ ಹಣವನ್ನು ಎಷ್ಟು ನುಂಗಬಹುದು ಎಂದು ಲೆಕ್ಕ ಹಾಕುತ್ತೇನೆ. ಇಲ್ಲಿ ಆ ಲೆಕ್ಕಕ್ಕೆ ಕಾಗದ ಸಿಗುತ್ತದೆ. 2007ರಲ್ಲಿ ಜಾರಿಗೆ ಬಂದ, ರಾಸಾಯನಿಕಗಳ ಮೇಲಿನ ಯುರೋಪ್ ಒಕ್ಕೂಟದ 'ರೀಚ್' ಕಾನೂನಿನ ಪ್ರಕಾರ, ಅತಿ ಕಳವಳಕಾರಿ ಎಂದು ಪಟ್ಟಿಯಾದ ರಾಸಾಯನಿಕವು ವಸ್ತುವೊಂದರ ತೂಕದ ಶೇ 0.1ಕ್ಕಿಂತ ಹೆಚ್ಚಿದ್ದರೆ, ಗ್ರಾಹಕ ಕೇಳಿದ 45 ದಿನಗಳೊಳಗೆ ಮಾರಿದವನು ತಿಳಿಸಲೇಬೇಕು. ನಾನೂ ಒಮ್ಮೆ ಒಂದು ಮಳೆ ಕೋಟಿನ ಬಗ್ಗೆ ಬರೆದು ಕೇಳಿದ್ದೆ. ಉತ್ತರ ಬಂತು. ಮಲೆನಾಡಿನವನಿಗೆ ಮೊದಲ ಅನುಮಾನ ಮಳೆ ಕೋಟಿನ ಮೇಲೆಯೇ ಹುಟ್ಟಬೇಕಲ್ಲ!

ಹಾಗೆಂದು ಇಲ್ಲಿಯವರೆಲ್ಲ ಜಾಣರು ಎಂದುಕೊಳ್ಳಬೇಕಿಲ್ಲ. ಜರ್ಮನಿಯ ಬಾಯರ್ ಕಂಪನಿ 2018ರ ಜೂನ್‌ನಲ್ಲಿ ಸುಮಾರು 63 ಶತಕೋಟಿ ಡಾಲರ್ ಸುರಿದು ಅಮೆರಿಕದ ಮಾನ್ಸಾಂಟೊ ಕಂಪನಿಯನ್ನು ಕೊಂಡಿತು. ಆಗಸ್ಟ್‌ನಲ್ಲೇ ಕ್ಯಾಲಿಫೋರ್ನಿಯಾದ ಜ್ಯೂರಿ, ಮಾನ್ಸಾಂಟೊದ ರೌಂಡಪ್ ಕಳೆನಾಶಕದಿಂದ ಕ್ಯಾನ್ಸರ್ ಬಂತು ಎಂದವನ ಪರ ನಿಂತಿತು. 2020ರಲ್ಲಿ ಇಂಥ ವ್ಯಾಜ್ಯಗಳ ಇತ್ಯರ್ಥಕ್ಕೆಂದು 10 ಶತಕೋಟಿ ಡಾಲರಿಗೂ ಹೆಚ್ಚು ಹಣ ಘೋಷಿಸಬೇಕಾಯಿತು. ಆ ಕಳೆನಾಶಕ ಕ್ಯಾನ್ಸರ್ ತರುತ್ತದೆಯೇ ಎಂಬ ವಾದ ಇನ್ನೂ ಬಗೆಹರಿದಿಲ್ಲ, ಷೇರುದಾರರ ಗಂಟು ಮಾತ್ರ ಕರಗಿತು.

ಇಲ್ಲಿಂದ ನಾವು ಕಲಿಯಬೇಕಾದದ್ದು ವರ್ಷ ವರ್ಷವೂ ಬಿದ್ದದ್ದನ್ನು ಕೂಡಿಸುವ ಲೆಕ್ಕವನ್ನು. ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ಅದನ್ನು ನಮ್ಮ ಕೊಳೆರೋಗಕ್ಕೆ ಮದ್ದಾಗಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಯುರೋಪಿನಲ್ಲಿ ಇಂದು ಹೆಕ್ಟೇರಿಗೆ 7 ವರ್ಷಗಳಲ್ಲಿ ಒಟ್ಟು 28 ಕೆ.ಜಿ. ತಾಮ್ರಕ್ಕಿಂತ ಹೆಚ್ಚು ಸಿಂಪಡಿಸುವಂತಿಲ್ಲ. ಕೊಳೆಗೆ ಹೊಡೆದ ತಾಮ್ರ ತಾನು ಕೊಳೆಯುವುದಿಲ್ಲ, ಮಣ್ಣಿನಲ್ಲೇ ಕೂರುತ್ತದೆ.

ಕಳೆದ ಸಲ ಊರಿಗೆ ಹೋದಾಗ ಅಣ್ಣಯ್ಯನೊಡನೆ ಜಗುಲಿಯಲ್ಲಿ ಕೂತು ಲೆಕ್ಕ ಹಾಕಿದೆ. ನಮ್ಮಲ್ಲಿ ಎಕರೆಗೆ 200 ಲೀಟರಿನ ಎರಡು ಡ್ರಮ್ ಬೇಕು, ಅಂದರೆ 4 ಕೆ.ಜಿ. ತುತ್ತ. ಅದರಲ್ಲಿ ಕಾಲು ಭಾಗ ತಾಮ್ರ. ಎರಡು ಸಲ ಹೊಡೆದರೆ ಹೆಕ್ಟೇರಿಗೆ, ಅಂದರೆ ಹೆಚ್ಚುಕಡಿಮೆ ಎರಡೂವರೆ ಎಕರೆಗೆ, ವರ್ಷಕ್ಕೆ ಸುಮಾರು 5 ಕೆ.ಜಿ. ತಾಮ್ರ. ಮಳೆ ಬಿಡುವು ಕೊಡದ ವರ್ಷ ಮೂರನೆಯ ಸಲವೂ ಉಂಟು. ಯುರೋಪಿನ ಮಿತಿಯ ವರ್ಷದ ಸರಾಸರಿ 4. ಗಾಬರಿಪಡುವಷ್ಟು ವ್ಯತ್ಯಾಸವೇನಲ್ಲ. ಆದರೆ ಅಜ್ಜನ ಕಾಲದಿಂದ ಬಿದ್ದದ್ದನ್ನು ಯಾರೂ ಕೂಡಿಸಿಲ್ಲ. ಮಣ್ಣಿನ ಆರೋಗ್ಯ ಕಾರ್ಡಿನಲ್ಲಿ ತಾಮ್ರದ ಸಾಲು ಇದೆ, ನಿಜ. ಅದು ನೋಡುವುದು ಕೊರತೆ ಇದೆಯೇ ಎಂದು. ಷೇರುಪೇಟೆಯ ದೊಡ್ಡ 1000 ಕಂಪನಿಗಳು ಅಪಾಯಕಾರಿ ತ್ಯಾಜ್ಯ ಎಷ್ಟು ಟನ್ ಎಂದು ತಿಳಿಸಬೇಕೆಂದು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಡ್ಡಾಯ ಮಾಡಿದೆ. ಆದರೆ ತೋಟಕ್ಕೆ ಬೆಳೆ ಸಾಲ ಕೊಡುವವರು ನೋಡುವುದು ಪಹಣಿಯನ್ನು. ತೋಟದ ಬೆಲೆ ಇರುವುದು ಮಣ್ಣಿನಲ್ಲಿ, ಆ ಮಣ್ಣಿನಲ್ಲಿ ಏನು ಕೂತಿದೆ ಎಂದು ಸಾಲ ಕೊಡುವವರೂ ಕೇಳುವುದಿಲ್ಲ, ಪಡೆಯುವವರೂ ಹೇಳುವುದಿಲ್ಲ.

"ಇನ್ನು ಮೇಲೆ ಪ್ರತಿ ವರ್ಷ ಎಷ್ಟು ಕೆ.ಜಿ. ತುತ್ತ ಬಿತ್ತು ಎಂದು ಬರೆದಿಡು ಅಣ್ಣಯ್ಯ" ಎಂದೆ.

ಅವನು ಕವಳ ಉಗಿದು ಬಂದು ಕೇಳಿದ: "ಬರೆದಿಡುತ್ತೇನೆ ಮಾರಾಯ. ಆ ಪುಸ್ತಕ ತೋರಿಸಿದರೆ ಸೊಸೈಟಿಯವರು ಬಡ್ಡಿ ಎಷ್ಟು ಇಳಿಸುತ್ತಾರೆ?"

ಫ್ರಾಂಕ್‌ಫರ್ಟ್‌ನಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟೇ ನಾನು ಸಂಬಳ ಎಣಿಸುವುದು. ಜಗುಲಿಯಲ್ಲಿ ಸುಮ್ಮನೆ ಕೂತೆ.