ಅಂಕ ಮೇಲಕ್ಕೆ ಹೋಗುತ್ತದೆ, ಕ್ಲಾಸಿಗೆ ವಾಪಸ್ ಬರುವುದಿಲ್ಲ

ಕಳೆದ ತಿಂಗಳು ಮಗಳ ಶಾಲೆಗೆ ಹೋಗಿದ್ದೆ. ನಾವಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ಕ್ಲಾಸಿಗೆ ಎಷ್ಟನೆಯವಳು ಅಂತ ಕೇಳಿದೆ. ಟೀಚರ್ ಅದನ್ನು ಹೇಳಲಿಲ್ಲ, ಒಂದು ಹಾಳೆ ಮುಂದಿಟ್ಟರು. ಓದು ಚೆನ್ನಾಗಿದೆ, ಭಿನ್ನರಾಶಿ ಮಾತ್ರ ತೊಡಕು. 1/2ಕ್ಕೆ 1/3 ಕೂಡು ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/5 ಅಂತ ಬರೆಯುತ್ತಾಳೆ. ಇದೇ ತಪ್ಪು ಮಾಡುವವರು ಇನ್ನೂ ನಾಲ್ವರಿದ್ದಾರಂತೆ. ಐದೂ ಮಕ್ಕಳನ್ನು ಸೋಮವಾರದಿಂದ ಒಂದೇ ಮೇಜಿಗೆ ಕೂರಿಸಿ, ಕಾಗದ ಮಡಚಿ ತೋರಿಸುತ್ತೇನೆ ಅಂದರು.

ನನಗೆ ಖುಷಿಯಾಯಿತು. ಆಮೇಲೆ ಊರಿನ ಶಾಲೆಗಳು ನೆನಪಾಗಿ ಹೊಟ್ಟೆ ಉರಿಯಿತು.

ಇಲ್ಲಿನ ಬಹಳಷ್ಟು ಶಾಲೆಗಳಲ್ಲಿ ಮ್ಯಾಪ್ ಗ್ರೋತ್ ಅನ್ನುವ ಪರೀಕ್ಷೆ ಇದೆ. ಸಾಮಾನ್ಯವಾಗಿ ವರ್ಷಕ್ಕೆ ಮೂರು ಸಲ, ಕಂಪ್ಯೂಟರ್‌ನಲ್ಲಿ. ಸರಿ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಷ್ಟದ್ದು ಬರುತ್ತದೆ, ತಪ್ಪಿದರೆ ಸುಲಭದ್ದು. ಮಗು ಎಲ್ಲಿ ತಡವರಿಸುತ್ತಿದೆ, ಹೋದ ಸಲಕ್ಕಿಂತ ಎಷ್ಟು ಮುಂದೆ ಬಂದಿದೆ ಅನ್ನುವುದು ಟೀಚರ್ ಕೈಗೆ ಸಿಗುತ್ತದೆ.

ನಮ್ಮಕ್ಕ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಕಡೆಯ ಸರ್ಕಾರಿ ಶಾಲೆಯಲ್ಲಿ ಟೀಚರ್. ವರ್ಷಕ್ಕೆ ಎಫ್‌ಎ ಅನ್ನುವ ಕಿರು ಮೌಲ್ಯಮಾಪನ ನಾಲ್ಕು, ಎಸ್‌ಎ ಅನ್ನುವ ದೊಡ್ಡ ಪರೀಕ್ಷೆ ಎರಡು. ಎಲ್ಲದರ ಅಂಕವನ್ನೂ ಎಸ್‌ಎಟಿಎಸ್ ಅನ್ನುವ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಗೆ ತುಂಬಬೇಕು. ಊಟ ಮುಗಿಸಿ ರಾತ್ರಿ ಮೊಬೈಲ್ ಹಿಡಿದು ಕೂರುತ್ತಾಳೆ.

"ತುಂಬಿದ್ದನ್ನ ತಿರುಗಿ ನೋಡ್ತೀಯಾ ಅಕ್ಕಾ?" ಅಂದೆ.

"ಎಲ್ಲಿ ನೋಡ್ಲೋ? ಅಷ್ಟರಲ್ಲಿ ಇನ್ನೊಂದು ಮಾಹಿತಿ ಕೇಳಿರ್ತಾರೆ."

ನೋಡಿದರೂ ಅಲ್ಲಿ ಸಿಗುವುದು ಒಟ್ಟು ಅಂಕ. ಇಬ್ಬರು ಹುಡುಗರಿಗೆ ಹನ್ನೆರಡು ಹನ್ನೆರಡು ಬಂದಿದೆ ಅಂದುಕೊಳ್ಳಿ. ಒಬ್ಬನಿಗೆ ಭಾಗಾಕಾರ ಬರುವುದಿಲ್ಲ, ಇನ್ನೊಬ್ಬನಿಗೆ ಲೆಕ್ಕ ಬರುತ್ತದೆ, ಪ್ರಶ್ನೆ ಓದಲು ಬರುವುದಿಲ್ಲ. ಆ ಹನ್ನೆರಡರಲ್ಲಿ ಇಬ್ಬರೂ ಒಂದೇ. ಉತ್ತರಪತ್ರಿಕೆ ತಿದ್ದುವಾಗ ಅಕ್ಕನಿಗೆ ಇದೆಲ್ಲ ಕಣ್ಣಿಗೆ ಬಿದ್ದಿರುತ್ತದೆ. ಬರೆದಿಡಲು ಜಾಗವಿಲ್ಲ, ಕೇಳುವವರೂ ಇಲ್ಲ.

ನಮ್ಮಲ್ಲಿ ಕೇಳುವುದು ಸ್ಥಾನವನ್ನು. 2023ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲು, 96.8 ಪರ್ಸೆಂಟ್. ಇಲ್ಲಿ ಕೂತು ನಾನೂ ಕಂಡಕಂಡವರಿಗೆಲ್ಲ ಆ ಸುದ್ದಿ ಕಳಿಸಿದ್ದೆ. ಮರುವರ್ಷ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ ಬಂತು, ಜಿಲ್ಲೆ 21ನೇ ಸ್ಥಾನಕ್ಕಿಳಿಯಿತು. ಒಂದನೆಯದೂ ಇಪ್ಪತ್ತೊಂದನೆಯದೂ ಸೇರಿ, ಹಿರಿಯೂರಿನ ಒಂದು ಹುಡುಗಿಗೆ ನಾಳೆ ಏನು ಕಲಿಸಬೇಕು ಅಂತ ಒಬ್ಬ ಮೇಷ್ಟ್ರಿಗಾದರೂ ಹೇಳಿದವಾ?

ಇಲ್ಲಿಯದೆಲ್ಲ ಸರಿ ಅಂತಲ್ಲ. ಪರೀಕ್ಷೆ ಜಾಸ್ತಿಯಾಯಿತು ಅಂತ ಇಲ್ಲಿನ ಟೀಚರ್‌ಗಳೇ ಗೊಣಗುತ್ತಾರೆ. ಮಗಳ ಕ್ಲಾಸಲ್ಲಿ ಇರುವ ಮಕ್ಕಳೇ ಕಡಿಮೆ. ಅಕ್ಕ ಒಬ್ಬಳೇ ಎರಡು ಕ್ಲಾಸು ನೋಡಿಕೊಳ್ಳಬೇಕು, ಅದರ ಜೊತೆ ಬಿಸಿಯೂಟದ ಲೆಕ್ಕ. ಹತ್ತನೇ ಕ್ಲಾಸಿನಲ್ಲಿ ಹಿಂದೆ ಬಿದ್ದವರನ್ನು ಗುರುತಿಸಿ ಸಂಜೆ ಪಾಠ ಮಾಡುವ, ಬೆಳಿಗ್ಗೆ ಫೋನ್ ಮಾಡಿ ಎಬ್ಬಿಸುವ ಮೇಷ್ಟ್ರುಗಳು ನಮ್ಮಲ್ಲಿದ್ದಾರೆ. ಅದೂ ಅಂಕ ನೋಡಿಯೇ ಮಾಡುವ ಕೆಲಸ, ಒಪ್ಪುತ್ತೇನೆ.

ಇನ್ನೊಂದನ್ನೂ ಒಪ್ಪಲೇಬೇಕು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಅನ್ನುವ, ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಆಡುತ್ತಾ ಕಲಿಸುವ ಪದ್ಧತಿಯಲ್ಲಿ ಇದೇ ವಿಚಾರ ಇತ್ತು. ಗೋಡೆ ಮೇಲೆ ಕಲಿಕಾ ಏಣಿ, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಗುರುತು. ಕಂಪ್ಯೂಟರ್ ಬೇಕಿರಲಿಲ್ಲ. ಆ ಏಣಿ ಮೂರನೇ ಕ್ಲಾಸಿಗೇ ಮುಗಿಯುತ್ತದೆ. ನಾಲ್ಕರಿಂದ ಮತ್ತೆ ಒಟ್ಟು ಅಂಕ. ಅದನ್ನು ಮುಂದಕ್ಕೆ ಒಯ್ಯಲು ಯಾಕೆ ಯಾರೂ ಪಟ್ಟು ಹಿಡಿಯಲಿಲ್ಲ? ನನ್ನ ಸಿಟ್ಟೆಲ್ಲ ಅದಕ್ಕೇ.